ಕಾರು ‘ಮಿಸ್ಸಿಂಗ್’ ಹೊಡೀತಿದೆಯೇ? ಪರ್ಸ್ ತೆಗೆಯುವ ಮುನ್ನ...

ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದ್ದೀರಿ. ಗೇರು ನ್ಯೂಟ್ರಲ್‌ನಲ್ಲಿದೆ. ದಿನಾ ಮೆತ್ತಗೆ ‘ಗುಂಯ್’ ಅನ್ನುತ್ತಿದ್ದ ಎಂಜಿನ್ ಇವತ್ತು ಯಾಕೋ ಬಿಕ್ಕಳಿಸುತ್ತಿದೆ. ಸೀಟು ನಡುಗುತ್ತಿದೆ, ಸ್ಟಿಯರಿಂಗ್ ಹಿಡಿದ ಕೈ ಜುಮುಜುಮು ಅನ್ನುತ್ತಿದೆ. ಹಸಿರು ದೀಪ ಬಂತು ಅಂತ ಆಕ್ಸಿಲರೇಟರ್ ಒತ್ತಿದರೆ ಕಾರು ಎರಡು ಸಲ ಮುಗ್ಗರಿಸಿ ಆಮೇಲೆ ಹೊರಡುತ್ತೆ. ಹಿಂದಿನವರದ್ದು ಹಾರ್ನ್ ಮೇಲೆ ಹಾರ್ನ್. ‘ಲೇಡೀಸ್ ಡ್ರೈವಿಂಗ್’ ಅಂತ ಯಾರೋ ಗೊಣಗಿದ್ದೂ ಕೇಳಿಸೀತು!

ನಿಮ್ಮ ಡ್ರೈವಿಂಗ್‌ನಲ್ಲಿ ಏನೂ ತಪ್ಪಿಲ್ಲ ಬಿಡಿ. ಗ್ಯಾರೇಜಿನ ಭಾಷೆಯಲ್ಲಿ ಹೇಳೋದಾದರೆ ನಿಮ್ಮ ಗಾಡಿ ‘ಮಿಸ್ಸಿಂಗ್’ ಹೊಡೀತಿದೆ.

ನಿಜವಾದ ತಲೆನೋವು ಶುರುವಾಗೋದು ಗ್ಯಾರೇಜಿಗೆ ಹೋದ ಮೇಲೆ. ‘ಸಾರ್ ಬರಲಿಲ್ವಾ ಮೇಡಂ?’ ಅನ್ನೋದು ಮೊದಲ ಪ್ರಶ್ನೆ. ಆಮೇಲೆ ‘ಪ್ಲಗ್ ಹಾಕಿ ನೋಡೋಣ’, ಅದಾದ ಮೇಲೆ ‘ಇಂಜೆಕ್ಟರ್ ಕ್ಲೀನ್ ಮಾಡಿ ನೋಡೋಣ’, ಕೊನೆಗೆ ‘ಪಂಪ್ ಹೋಗಿರಬೇಕು, ಹಾಕಿ ನೋಡೋಣ’. ನೋಡೋದು ಅವರು, ದುಡ್ಡು ಕೊಡೋದು ನಾವು. ಮಿಸ್ಸಿಂಗ್ ಅನ್ನೋದು ಊಹೆ ಮಾಡಿ ರಿಪೇರಿ ಮಾಡುವ ಕಾಯಿಲೆಯೇ ಅಲ್ಲ ಕಣ್ರೀ. ಯಾವ ಸಿಲಿಂಡರ್, ಯಾವ ಭಾಗ ಅಂತ ಒಂದು ರೂಪಾಯಿಯ ಹೊಸ ಸಾಮಾನೂ ತರದೆ ಪತ್ತೆ ಹಚ್ಚೋದಕ್ಕೆ ಆಗುತ್ತೆ. ಹಾಗೆ ಮಾಡಿ ಅಂತ ಕೇಳೋದಕ್ಕೆ ನಮಗೆ ಗೊತ್ತಿರಬೇಕು, ಅಷ್ಟೇ.

ಎಂಜಿನ್ ಅಂದ ಕೂಡಲೇ ಪುಟ ತಿರುಗಿಸಬೇಡಿ. ಗ್ಯಾಸ್ ಒಲೆ ಹೊತ್ತದಿದ್ದರೆ ನಾವೇನು ಮಾಡ್ತೀವಿ? ಲೈಟರ್‌ನಲ್ಲಿ ಕಿಡಿ ಬರ್ತಿದೆಯಾ ನೋಡ್ತೀವಿ. ಗ್ಯಾಸ್ ಖಾಲಿಯಾಯ್ತಾ ಅಂತ ಸಿಲಿಂಡರ್ ಅಲ್ಲಾಡಿಸ್ತೀವಿ. ಬರ್ನರ್ ತೂತು ಕಟ್ಟಿದೆಯಾ ಅಂತ ಪಿನ್ನು ಹಾಕಿ ನೋಡ್ತೀವಿ. ಒಲೆ, ಲೈಟರ್, ರೆಗ್ಯುಲೇಟರ್ ಮೂರನ್ನೂ ಒಟ್ಟಿಗೆ ಹೊಸದಾಗಿ ಕೊಂಡು ತರಲ್ಲ ತಾನೇ? ಪೆಟ್ರೋಲ್ ಎಂಜಿನ್ನಿನ ಲೆಕ್ಕವೂ ಇದೇ. ಒಳಗೆ ಮೂರೋ ನಾಲ್ಕೋ ಸಿಲಿಂಡರ್ ಇರುತ್ತೆ. ಪ್ರತಿಯೊಂದಕ್ಕೂ ಗಾಳಿ-ಪೆಟ್ರೋಲಿನ ಮಿಶ್ರಣ ಬರಬೇಕು, ಪಿಸ್ಟನ್ ಅದನ್ನು ಅದುಮಬೇಕು, ಸರಿಯಾದ ಗಳಿಗೆಗೆ ಪ್ಲಗ್ ಕಿಡಿ ಹಾರಿಸಬೇಕು. ಆಗ ಅದು ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತೆ. ಇದರಲ್ಲಿ ಒಂದು ಕೈಕೊಟ್ಟರೂ ಆ ಸಿಲಿಂಡರ್ ಹೊತ್ತೋದಿಲ್ಲ. ಅದುಮೋದು ಅಂದೆನಲ್ಲ, ಅದಕ್ಕೆ ಕಂಪ್ರೆಷನ್ ಅಂತಾರೆ. ಗ್ಯಾಸ್ಕೆಟ್ ಸವೆದ ಕುಕ್ಕರಿನಲ್ಲಿ ಪಕ್ಕದಿಂದ ಆವಿ ಸೋರಿ ವಿಷಲ್ ಬರೋದಿಲ್ವಲ್ಲ, ಹಾಗೆ ವಾಲ್ವ್ ಅಥವಾ ಪಿಸ್ಟನ್ ರಿಂಗ್ ಸವೆದಿದ್ದರೆ ಕಂಪ್ರೆಷನ್ ಸೋರಿಹೋಗುತ್ತೆ.

ಸುಮ್ಮನೆ ನಿಂತಾಗ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತೆ ಅಂತಿಟ್ಟುಕೊಳ್ಳಿ. ಎರಡು ಸುತ್ತಿಗೆ ಒಂದು ಸಲದಂತೆ ಒಂದೊಂದು ಸಿಲಿಂಡರೂ ನಿಮಿಷಕ್ಕೆ 400 ಸಲ ಹೊತ್ತಬೇಕು. ಈಗಿನ ಬಹಳಷ್ಟು ಪುಟ್ಟ ಕಾರುಗಳಲ್ಲಿ ಇರೋದೇ ಮೂರು ಸಿಲಿಂಡರ್. ಅದರಲ್ಲಿ ಒಂದು ಮಲಗಿತು ಅಂದರೆ ಮೂರನೇ ಒಂದು ಪಾಲು ಶಕ್ತಿ ಹೋದ ಹಾಗೆ. ಅದಕ್ಕೇ ಚಿಕ್ಕ ಕಾರು ಅಷ್ಟು ಜೋರಾಗಿ ನಡುಗೋದು. (ಡೀಸೆಲ್ ಕಾರಿಗೆ ಕಿಡಿ ಹಾರಿಸುವ ಪ್ಲಗ್ಗೇ ಇರೋದಿಲ್ಲ. ಆ ಕಥೆಯೇ ಬೇರೆ, ಇನ್ನೊಮ್ಮೆ ನೋಡೋಣ.)

ಮುಂದಿನದ್ದು ಹೇಳುವ ಮೊದಲು ಒಂದು ಎಚ್ಚರಿಕೆ. ಮೀಟರಿನ ಹತ್ತಿರ ಎಂಜಿನ್ ಆಕಾರದ ಹಳದಿ ದೀಪ ಇರುತ್ತಲ್ಲ, ಅದು ಸುಮ್ಮನೆ ಉರಿಯುತ್ತಿದ್ದರೆ ಗಾಬರಿ ಬೇಡ. ನಿಧಾನವಾಗಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು. ಆದರೆ ಮಿಣಮಿಣ ಅಂತ ಹತ್ತಿ ಆರಿ ಮಾಡ್ತಿದ್ದರೆ ವೇಗ ಕಡಿಮೆ ಮಾಡಿ, ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿಬಿಡಿ. ಹೊತ್ತದೇ ಉಳಿದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತೆ. ಅದರೊಳಗಿನ ಜೇನುಗೂಡಿನಂಥ ಪಿಂಗಾಣಿ ಕೆಂಡವಾಗಿ ಕರಗಿಯೇ ಹೋಗಬಹುದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹ ಲೇಪಿಸಿದ ಭಾಗ ಅದು. ಕೆಲವು ನೂರರ ಪ್ಲಗ್ಗಿನಲ್ಲಿ ಮುಗಿಯಬೇಕಾಗಿದ್ದದ್ದು ಹತ್ತಾರು ಸಾವಿರಕ್ಕೆ ಹೋಗೋದು ಹೀಗೆ. ‘ಮನೆ ಹತ್ತಿರಾನೇ ಅಲ್ವಾ, ಹೋಗಿಬಿಡೋಣ’ ಅನ್ನಬೇಡಿ. ಬಿಸಿಯಾದ ಕನ್ವರ್ಟರ್ ಕೆಳಗೆ ಒಣಹುಲ್ಲು ಇರದ ಹಾಗೆಯೂ ನೋಡಿಕೊಳ್ಳಿ.

ಈಗ ನಮ್ಮ ಮಹಡಿ ಮನೆಯ ಅಕ್ಕನ ವಿಷಯಕ್ಕೆ ಬರ್ತೀನಿ. ಅಕ್ಕ ಹೈಸ್ಕೂಲ್ ಟೀಚರ್. ಶಿವಮೊಗ್ಗದಿಂದ ದಿನಾ ತಾವೇ ಕಾರು ಓಡಿಸಿಕೊಂಡು ತೀರ್ಥಹಳ್ಳಿ ಕಡೆಯ ಶಾಲೆಗೆ ಹೋಗಿ ಬರ್ತಾರೆ. ಮೂರು ಸಿಲಿಂಡರಿನ, 2015ರ ಪುಟ್ಟ ಕಾರು. ತವರು ಉಡುಪಿ ಹತ್ತಿರ, ಅಲ್ಲಿ ತಾಯಿಗೆ ಹುಷಾರಿಲ್ಲ. ತಿಂಗಳಿಗೆರಡು ಸಲವಾದರೂ ಆಗುಂಬೆ ಘಾಟಿ ಇಳಿದು ಹತ್ತಬೇಕು. ಕಳೆದ ಮಳೆಗಾಲದಲ್ಲಿ ಕಾರು ಬಿಕ್ಕಳಿಸೋಕೆ ಶುರು ಮಾಡಿತು. ಸಮತಟ್ಟು ರಸ್ತೆಯಲ್ಲಿ ಅಷ್ಟಾಗಿ ಗೊತ್ತಾಗ್ತಿರಲಿಲ್ಲ. ಆದರೆ ಘಾಟಿಯ ಆ 14 ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಒತ್ತಿ ಹತ್ತಿಸುವಾಗ ‘ಧಡ್ ಧಡ್’ ಅಂತ ಜರ್ಕ್. ಆ ಕಿರಿದಾದ ತಿರುವಿನಲ್ಲಿ, ಮಂಜಿನಲ್ಲಿ, ಹಿಂದೆ ಬಸ್ಸು ಬರ್ತಿರುವಾಗ ಎಂಜಿನ್ ಎಳೆಯದಿದ್ದರೆ ಹೇಗಿರುತ್ತೆ, ನೀವೇ ಯೋಚಿಸಿ.

ಮೊದಲು ಹೋದ ಗ್ಯಾರೇಜಿನಲ್ಲಿ ಮೂರೂ ಪ್ಲಗ್ ಬದಲಾಯಿಸಿ 1,350 ರೂಪಾಯಿ ತಗೊಂಡರು. ನಾಲ್ಕು ದಿನ ಚೆನ್ನಾಗಿತ್ತು, ಐದನೇ ದಿನ ಮತ್ತದೇ ರಾಗ. ಇಂಜೆಕ್ಟರ್ ಕ್ಲೀನಿಂಗ್ ಅಂತ ಇನ್ನೊಂದು 1,800. ಉಪಯೋಗವಾಗಲಿಲ್ಲ. ಮೂರನೇ ಸಲ ಹೋದಾಗ ‘ಪೆಟ್ರೋಲ್ ಪಂಪೇ ಹೋಗಿದೆ ಮೇಡಂ, ಒಂಬತ್ತೂವರೆ ಸಾವಿರ ಆಗುತ್ತೆ’ ಅಂದರಂತೆ. ತಾಯಿಯ ಔಷಧಿ ಖರ್ಚು, ಮಗಳ ಕಾಲೇಜು ಫೀಸು ಎಲ್ಲಾ ಇರುವವರಿಗೆ ಅದು ಸಣ್ಣ ಮೊತ್ತವಲ್ಲ. ಅಕ್ಕ ಟೀಚರಲ್ವೇ, ‘ಪಂಪ್ ಹೋಗಿದೆ ಅಂತ ಹೇಗೆ ಗೊತ್ತಾಯ್ತು, ಪ್ರೆಷರ್ ಗೇಜ್ ಹಾಕಿ ನೋಡಿದ್ರಾ?’ ಅಂತ ಕೇಳಿಯೇ ಬಿಟ್ಟರು. ಹಾಕಿರಲಿಲ್ಲ. ‘ನಮ್ಮ ಎಕ್ಸ್‌ಪೀರಿಯೆನ್ಸ್ ಮೇಡಂ’ ಅನ್ನೋ ಉತ್ತರ ಬಂತು. ಅಕ್ಕ ಕಾರು ವಾಪಸ್ ತಂದರು.

ಆಮೇಲೆ ಹೋಗಿದ್ದು ಊರ ಹೊರಗೆ ಶೆಡ್ ಹಾಕಿಕೊಂಡಿರುವ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ. ಜೊತೆಗೆ ನಾನೂ ಇದ್ದೆ. ಅವರು ಮೊದಲು ಸ್ಪ್ಯಾನರ್ ಮುಟ್ಟಲೇ ಇಲ್ಲ, ಪ್ರಶ್ನೆ ಕೇಳಿದರು. ‘ಯಾವಾಗ ಹೊಡೆಯುತ್ತೆ ಟೀಚರಮ್ಮ? ಬೆಳಗ್ಗೆ ಸ್ಟಾರ್ಟ್ ಮಾಡಿದಾಗಲೋ, ನಿಂತಾಗಲೋ, ಏರು ಹತ್ತುವಾಗಲೋ? ಮಳೆ ಬಂದ ದಿನ ಜಾಸ್ತಿನಾ?’ ಅಕ್ಕ ಎಲ್ಲಾ ವಿವರಿಸಿದರು. ‘ಹಾಗಾದರೆ ಕಿಡಿ ಕಡೆಯದ್ದೇ ಇರಬೇಕು, ಆದರೂ ನೋಡಿ ಹೇಳ್ತೀನಿ’ ಅಂತ ಸ್ಕ್ಯಾನರ್ ತಂದರು.

ಸ್ಟಿಯರಿಂಗ್ ಕೆಳಗೆ, ನಮ್ಮ ಮೊಣಕಾಲಿನ ಹತ್ತಿರ 16 ಪಿನ್ನಿನ ಒಂದು ಸಾಕೆಟ್ ಇರುತ್ತೆ, ಗಮನಿಸಿದ್ದೀರಾ? ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಕಾರಿನ ಕಂಪ್ಯೂಟರ್ ತನ್ನ ದೂರನ್ನು ಕೋಡ್ ರೂಪದಲ್ಲಿ ಹೇಳುತ್ತೆ. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಂದ ಕಾರುಗಳಿಗೆ ಈ ವ್ಯವಸ್ಥೆಯ ಎರಡನೇ ಹಂತ ಕಡ್ಡಾಯವಾಯಿತು. ಮಿಸ್ಸಿಂಗ್ ಆಗಿದ್ದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತೆ ಅನ್ನೋದೇ ಒಂದು ಸೊಗಸು. ಪ್ರತಿ ಸಿಲಿಂಡರ್ ಹೊತ್ತಿದಾಗಲೂ ಕೆಳಗಿನ ಕ್ರ್ಯಾಂಕಿಗೆ ಒಂದು ತಳ್ಳು ಸಿಗುತ್ತೆ. ಒಂದು ತಳ್ಳು ತಪ್ಪಿದರೆ ಅದು ಕಣ್ಣು ಮಿಟುಕಿಸುವಷ್ಟೂ ಅಲ್ಲ, ಇನ್ನೂ ಕಡಿಮೆ ಹೊತ್ತು ನಿಧಾನವಾಗುತ್ತೆ. ಅಷ್ಟನ್ನೂ ಒಂದು ಸೆನ್ಸರ್ ಹಿಡಿಯುತ್ತೆ! ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು, ಪಿ0303 ಅಂದರೆ ಮೂರನೆಯದು. ಪಿ0300 ಬಂದರೆ ಯಾವುದೋ ಒಂದಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದೆ ಅಂತ.

ಅಕ್ಕನ ಕಾರಿನಲ್ಲಿ ಬಂದಿದ್ದು ಪಿ0302. ಪಂಪ್ ದುರ್ಬಲವಾಗಿದ್ದರೆ ಮೂರೂ ಸಿಲಿಂಡರಿಗೆ ಪೆಟ್ರೋಲ್ ಕಡಿಮೆಯಾಗಬೇಕಿತ್ತು, ಎರಡನೆಯದೊಂದೇ ಯಾಕೆ ಮುನಿಸಿಕೊಳ್ಳುತ್ತೆ? ಒಂಬತ್ತೂವರೆ ಸಾವಿರದ ಪಂಪಿನ ಮಾತು ಅಲ್ಲಿಗೇ ಮುಗೀತು.

ಆದರೆ ಕೋಡ್ ನೋಡಿದ ಕೂಡಲೇ ಸಾಮಾನು ತರಿಸೋದಲ್ಲ. ಕೋಡ್ ಹೇಳೋದು ಯಾವ ಸಿಲಿಂಡರ್ ಅಂತ ಮಾತ್ರ. ಅಲ್ಲಿ ಹಾಳಾಗಿರೋದು ಕಾಯಿಲ್ಲೋ, ಪ್ಲಗ್ಗೋ, ಇಂಜೆಕ್ಟರ್ರೋ, ಕಂಪ್ರೆಷನ್ನೋ ಅಂತ ಅದಕ್ಕೆ ತಿಳಿಯದು. ಹಿರಿಯರು ಮಾಡಿದ ಪರೀಕ್ಷೆ ಎಷ್ಟು ಸರಳ ಅಂದರೆ ನಮಗೆ ನಗು ಬಂತು. ಎಂಜಿನ್ ಆಫ್ ಮಾಡಿ, ಎರಡನೇ ಸಿಲಿಂಡರಿನ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ ಹಾಕಿದರು, ಮೂರನೆಯದನ್ನು ಎರಡಕ್ಕೆ. ಕೋಡ್ ಅಳಿಸಿದರು. ಅಕ್ಕನನ್ನೇ ಡ್ರೈವಿಂಗ್ ಸೀಟಿನಲ್ಲಿ ಕೂರಿಸಿಕೊಂಡು ಒಂದು ಏರು ರಸ್ತೆಯಲ್ಲಿ ಹೋಗಿ ಬಂದರು. ಮತ್ತೆ ಸ್ಕ್ಯಾನರ್ ಹಾಕಿದರೆ... ಪಿ0303! ಕಾಯಿಲ್ ಎಲ್ಲಿಗೆ ಹೋಯಿತೋ ತೊಂದರೆಯೂ ಅದರ ಹಿಂದೆ ಹೋಗಿತ್ತು. ಕಳ್ಳ ಸಿಕ್ಕಿಬಿದ್ದ. ಇದಕ್ಕೆ ಹಿಡಿದಿದ್ದು ಅರ್ಧ ಗಂಟೆ, ಸಾಮಾನಿನ ಖರ್ಚು ಸೊನ್ನೆ.

ಕಾಯಿಲ್ ಅನ್ನೋದು ಬ್ಯಾಟರಿಯ 12 ವೋಲ್ಟನ್ನು ಇಪ್ಪತ್ತು ಸಾವಿರ ವೋಲ್ಟಿಗೂ ಮೇಲಕ್ಕೆ ಏರಿಸಿ ಪ್ಲಗ್ಗಿಗೆ ಕೊಡುವ ಪುಟ್ಟ ಸಾಧನ. ಈಗಿನ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆ ಮೇಲೂ ಒಂದೊಂದು ಕೂತಿರುತ್ತೆ. ಅಕ್ಕ ಹೊಸ ಕಾಯಿಲ್ ತರಿಸಿ ಅಂದರು. ‘ತಡೀರಿ ಟೀಚರಮ್ಮ, ಇದು ಸತ್ತಿದ್ದು ಯಾಕೆ ಅಂತ ನೋಡೋಣ, ಇಲ್ಲದಿದ್ದರೆ ಹೊಸದೂ ಸಾಯುತ್ತೆ’ ಅಂದರು ಅವರು. ಟಾರ್ಚ್ ಹಾಕಿ ಎರಡನೇ ಪ್ಲಗ್ ಕೂರುವ ಗುಂಡಿ ತೋರಿಸಿದರು. ಅದರೊಳಗೆ ಎಂಜಿನ್ ಆಯಿಲ್ ನಿಂತಿತ್ತು! ಎಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿ ಗಟ್ಟಿಯಾಗಿ, ಸಂದಿನಿಂದ ಎಣ್ಣೆ ಜಿನುಗಿ ಗುಂಡಿಗೆ ಇಳಿದಿತ್ತು. ಕಾಯಿಲ್ಲಿನ ರಬ್ಬರ್ ತೊಟ್ಟು ಆ ಎಣ್ಣೆಯಲ್ಲಿ ನೆಂದು ಮೆತ್ತಗಾಗಿ ಸೀಳಿತ್ತು. ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಆ ಸೀಳಿನಿಂದ ಪಕ್ಕದ ಲೋಹಕ್ಕೆ ಹಾರ್ತಿತ್ತು. ಮಳೆಯ ತೇವದಲ್ಲಿ ಜಾಸ್ತಿ, ಏರು ಹತ್ತುವಾಗ ಇನ್ನೂ ಜಾಸ್ತಿ. ಯಾಕಂದರೆ ಎಂಜಿನ್ ಮೇಲೆ ಭಾರ ಬಿದ್ದಾಗ ಕಿಡಿ ಹಾರೋದಕ್ಕೆ ಹೆಚ್ಚು ವೋಲ್ಟೇಜ್ ಬೇಕು, ಆಗ ಅದು ಸುಲಭದ ದಾರಿ ಹುಡುಕಿಕೊಳ್ಳುತ್ತೆ.

ಕಾಯಿಲ್ 1,900, ಪ್ಯಾಕಿಂಗ್ 450, ಕೂಲಿ 300. ಮೊದಲ ಗ್ಯಾರೇಜಿನವರು ಪ್ಲಗ್ ಬಿಚ್ಚಿದಾಗಲೇ ಆ ಎಣ್ಣೆ ಕಣ್ಣಿಗೆ ಬಿದ್ದಿರಲೇಬೇಕು. ನೋಡಿಯೂ ಸುಮ್ಮನಿದ್ದರೋ, ನೋಡಲೇ ಇಲ್ಲವೋ ದೇವರಿಗೇ ಗೊತ್ತು. ನನಗಂತೂ ಎರಡನೆಯದೇ ಇರಬೇಕು ಅನ್ನಿಸುತ್ತೆ. ಎಲ್ಲರೂ ಮೋಸಗಾರರಲ್ಲ, ಆದರೆ ಅವಸರದಲ್ಲಿ ಟಾರ್ಚ್ ಹಾಕುವ ವ್ಯವಧಾನ ಬಹಳ ಜನಕ್ಕಿಲ್ಲ.

ಹಾಗಂತ ಎಲ್ಲ ಕಾರಿನಲ್ಲೂ ಕಾಯಿಲ್ಲೇ ಕಳ್ಳ ಅಂದುಕೊಳ್ಳಬೇಡಿ. ಅದಲು ಬದಲು ಮಾಡಿದ ಮೇಲೂ ಕೋಡ್ ಹಳೆಯ ಸಿಲಿಂಡರಿನಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್ಗುಗಳನ್ನು ಇದೇ ರೀತಿ ಬದಲಿಸಿ ನೋಡಬೇಕು. ಹೊರತೆಗೆದ ಪ್ಲಗ್ಗಿನ ತುದಿಯೂ ಕಥೆ ಹೇಳುತ್ತೆ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಆರೋಗ್ಯ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಪೆಟ್ರೋಲ್ ವಾಸನೆಯ ಒದ್ದೆ ಇದ್ದರೆ ಪೆಟ್ರೋಲ್ ಬರ್ತಿದೆ, ಹೊತ್ತುತ್ತಿಲ್ಲ. ತುದಿಯಲ್ಲೇ ಎಣ್ಣೆಯ ಜಿಡ್ಡು ಕಂಡರೆ ಒಳಗೆ ಆಯಿಲ್ ಸುಡುತ್ತಿರಬಹುದು, ಅದು ಸ್ವಲ್ಪ ದೊಡ್ಡ ಕಾಯಿಲೆ. ಪ್ಲಗ್ ಕೂಡ ನಿರಪರಾಧಿ ಆದರೆ ಇಂಜೆಕ್ಟರ್, ಅದರ ವೈರು. ಅದೂ ಸರಿ ಇದ್ದರೆ ಕಂಪ್ರೆಷನ್ ಪರೀಕ್ಷೆ. ಪ್ಲಗ್ಗಿನ ಜಾಗಕ್ಕೆ ಗೇಜ್ ಸಿಕ್ಕಿಸಿ ಎಂಜಿನ್ ತಿರುಗಿಸಿದರೆ ಒಂದು ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ತೋರಿಸುತ್ತೆ. ಆಗ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡ್ತಾರೆ. ಗೇಜ್ ಮೇಲೇರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ಸೋರುತ್ತಿದೆ. ಎಷ್ಟು ಜಾಣ ಪರೀಕ್ಷೆ ಅಲ್ವೇ?

ನೀವು ಮಾಡಬೇಕಾದ್ದು ಅಂದರೆ ಯಾವಾಗ ಮಿಸ್ಸಿಂಗ್ ಆಗುತ್ತೆ ಅನ್ನೋದನ್ನು ಗಮನಿಸಿ ಬರೆದಿಡೋದು. ಗಾಡಿ ಓಡಿಸೋರು ನಾವು, ಈ ಮಾಹಿತಿ ನಮ್ಮ ಹತ್ತಿರ ಮಾತ್ರ ಇರುತ್ತೆ. ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಜಾಸ್ತಿಯಾದರೆ ಪ್ಲಗ್, ಕಾಯಿಲ್ ಕಡೆ ಅನುಮಾನ. ನಿಂತಾಗ ನಡುಗಿ, ಆಕ್ಸಿಲರೇಟರ್ ಕೊಟ್ಟ ಕೂಡಲೇ ಸರಿಹೋದರೆ ಎಲ್ಲೋ ಪೈಪ್ ಸೀಳಿ ಗಾಳಿ ಒಳಗೆ ನುಗ್ಗುತ್ತಿರಬಹುದು. ಬಾನೆಟ್ ಎತ್ತಿ ಕಿವಿಗೊಟ್ಟರೆ ‘ಉಸ್ಸ್’ ಅನ್ನೋ ಸದ್ದೂ ಕೇಳಿಸೀತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಕ್ಕಳಿಸಿ, ಬಿಳಿ ಹೊಗೆ ಬಂದು, ಕೂಲಂಟ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸದೆ ಓಡಿಸಬೇಡಿ. ಸರ್ವೀಸ್ ಸ್ಟೇಷನ್‌ನಲ್ಲಿ ಎಂಜಿನ್ನಿಗೆ ಪ್ರೆಷರ್ ನೀರು ಹೊಡೆಸಿದ ಮರುದಿನವೇ ಶುರುವಾದರೆ ಪ್ಲಗ್ಗಿನ ಗುಂಡಿಯಲ್ಲಿ ನೀರು ನಿಂತಿರಬಹುದು. ಸಿಎನ್‌ಜಿ ಇರುವವರು ಪೆಟ್ರೋಲಿಗೆ ಬದಲಾಯಿಸಿ ನೋಡಿ. ಗ್ಯಾಸಿಗೆ ಬಲವಾದ ಕಿಡಿ ಬೇಕಾಗೋದರಿಂದ ಪ್ಲಗ್, ಕಾಯಿಲ್ ಸೋತಿದ್ದರೆ ಅದರಲ್ಲೇ ಮೊದಲು ಗೊತ್ತಾಗುತ್ತೆ.

ಇನ್ನು ನಮ್ಮ ಮಲೆನಾಡಿನ ಸ್ಪೆಷಲ್, ಇಲಿಗಳು! ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಅವಕ್ಕೆ ಬಾಣಂತಿ ಕೋಣೆ. ಎರಡು ದಿನ ನಿಲ್ಲಿಸಿದ ಕಾರು ಮೂರನೇ ದಿನ ಮಿಸ್ಸಿಂಗ್ ಹೊಡೆದರೆ ಮೊದಲು ಬಾನೆಟ್ ಎತ್ತಿ. ಹಿಕ್ಕೆ, ಕಾಗದದ ಚೂರು, ತೆಂಗಿನ ನಾರು ಕಂಡಿತಾ? ಹಾಗಿದ್ದರೆ ಇಂಜೆಕ್ಟರ್ ವೈರ್, ಕಾಯಿಲ್ ವೈರ್ ಕಡಿದಿದೆಯಾ ನೋಡಿ ಅಂತ ಹೇಳಿ. ವೈರ್ ಜೋಡಿಸಿ ಟೇಪ್ ಸುತ್ತೋದು ನೂರಿನ್ನೂರರ ಕೆಲಸ.

ಪೆಟ್ರೋಲ್ ಮೇಲೆ ಗೂಬೆ ಕೂರಿಸೋದು ಈಗ ಫ್ಯಾಷನ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿದ ಮೇಲೆ ಏನೇ ಕೆಟ್ಟರೂ ‘ಎಥೆನಾಲ್ ಮೇಡಂ’ ಅನ್ನೋದು ಸಲೀಸು. ಎಥೆನಾಲ್ ನೀರನ್ನು ಹೀರಿಕೊಳ್ಳೋದು ನಿಜ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತೆ, ಪಂಪ್ ಅದನ್ನೇ ಮೊದಲು ಎಳೆಯುತ್ತೆ. ಆದರೆ ಹಾಗಾದರೆ ತೊಂದರೆ ಸಾಮಾನ್ಯವಾಗಿ ಎಲ್ಲಾ ಸಿಲಿಂಡರಿನಲ್ಲೂ ಬರಬೇಕು, ಅದೂ ಪೆಟ್ರೋಲ್ ಹಾಕಿಸಿದ ಹೊಸತರಲ್ಲಿ ಅಥವಾ ಬಹಳ ದಿನ ನಿಲ್ಲಿಸಿದ ಮೇಲೆ. ಒಂದೇ ಸಿಲಿಂಡರ್ ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಅದು ಪೆಟ್ರೋಲಿನ ತಪ್ಪು ಅಂತ ಒಪ್ಪಿಕೊಳ್ಳಬೇಡಿ.

ಒಂದು ಕೆಲಸ ಮಾತ್ರ ನೀವಾಗೇ ಮಾಡಲು ಹೋಗಬೇಡಿ. ಎಂಜಿನ್ ಓಡುತ್ತಿರುವಾಗ ಪ್ಲಗ್ಗಿನ ವೈರನ್ನೋ ಕಾಯಿಲ್ಲನ್ನೋ ಕೈಯಲ್ಲಿ ಎಳೆಯೋದು. ಹಳೆಯ ಕಾಲದ ಮೆಕ್ಯಾನಿಕ್‌ಗಳು ಹಾಗೆ ಮಾಡೋದನ್ನು ನೋಡಿರ್ತೀರಿ. ಆ ಸಾವಿರಾರು ವೋಲ್ಟಿನ ಹೊಡೆತ ಹುಡುಗಾಟವಲ್ಲ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಂತೂ ಹತ್ತಿರವೂ ನಿಲ್ಲಬಾರದು.

ಗ್ಯಾರೇಜಿಗೆ ಹೋದಾಗ ‘ಕೋಡ್ ಏನು ಬಂತು, ಬರೆದುಕೊಡಿ’ ಅಂತ ಮೊದಲೇ ಕೇಳಿ. ‘ಅದಲು ಬದಲು ಮಾಡಿ ನೋಡಿದ್ರಾ?’ ಅಂತ ಕೇಳಿ. ಈ ಎರಡು ಮಾತಿಗೇ ಎದುರಿನವರ ಧಾಟಿ ಬದಲಾಗೋದನ್ನು ನಾನೇ ನೋಡಿದ್ದೀನಿ! ಬ್ಯಾಟರಿ ವೈರ್ ಬಿಚ್ಚಿ ಹಾಕಿ, ಹಳದಿ ದೀಪ ಆರಿಸಿ ‘ಸರಿ ಆಯ್ತು’ ಅಂತ ಕಳಿಸುವವರೂ ಇದ್ದಾರೆ. ಅದು ರಿಪೇರಿ ಅಲ್ಲ, ಎರಡು ದಿನದಲ್ಲಿ ದೀಪ ಮತ್ತೆ ಹತ್ತುತ್ತೆ. ಯಾವ ಥರದ ರಸ್ತೆಯಲ್ಲಿ ತೊಂದರೆ ಆಗ್ತಿತ್ತೋ ಅದೇ ಥರದ ರಸ್ತೆಯಲ್ಲಿ ಓಡಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ತಗೊಳ್ಳಿ. ಪ್ಲಗ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತೆ, ಒಮ್ಮೆ ತೆಗೆದು ನೋಡಿ. ಬಿಲ್ಲಿನ ಹಿಂದೆ ತಾರೀಖು, ಮೀಟರಿನ ಕಿಲೋಮೀಟರ್, ಯಾವ ಸಿಲಿಂಡರ್ ಅಂತ ಪೆನ್ನಿನಲ್ಲಿ ಬರೆದು ಆ ಪುಸ್ತಕದೊಳಗೇ ಇಟ್ಟುಬಿಡಿ.